ಹಿನ್ನೀರಿನಲ್ಲಿ ತಿರುಗಲೊಲ್ಲದ ಕ್ಯಾಟಮರಾನ್: ನನ್ನ ಅನುಭವ

ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಹಿನ್ನೀರಿನಲ್ಲಿ ನಮ್ಮ ಹೋಬಿ 16 ಎಂಬ ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ) ಗಾಳಿಗೆ ಎದುರಾಗಿ ತಿರುಗುವಾಗ ನಡುವೆಯೇ ನಿಂತು ಹಿಂದಕ್ಕೆ ಸರಿಯುತ್ತಿತ್ತು. ಸುಮಾರು 145 ಕಿಲೋ ತೂಗುವ ಈ ಹಗುರ ದೋಣಿ ವೇಗವನ್ನು ಬೇಗನೆ ಕಳೆದುಕೊಳ್ಳುತ್ತದೆ. ಅದರ ಎರಡು ನೀಳ ಒಡಲುಗಳು ನೇರ ಓಟಕ್ಕೆ ಒಗ್ಗಿದಷ್ಟು ತಿರುವಿಗೆ ಒಗ್ಗುವುದಿಲ್ಲ.

ಆದ್ದರಿಂದ ಮೊದಲು ಗಾಳಿಗೆ ಓರೆಯಾಗಿ ಸಾಗಿ ವೇಗ ಕೂಡಿಸಿಕೊಂಡು, ಚುಕ್ಕಾಣಿಯನ್ನು ಒಮ್ಮೆಲೇ ಎಳೆಯದೆ ಒಂದೇ ಹದದಲ್ಲಿ ತಿರುಗಿಸಿ, ಮೂತಿ ಗಾಳಿಯ ನೇರಕ್ಕೆ ಬಂದ ಕ್ಷಣ ದೊಡ್ಡ ಹಾಯಿಯ ಹಗ್ಗವನ್ನು ಮೊಳದಷ್ಟು ಸಡಿಲಿಸಿದೆವು. ಮುಂದಿನ ಚಿಕ್ಕ ಹಾಯಿಯನ್ನು ಮಾತ್ರ ಹಳೆಯ ಬದಿಯಲ್ಲೇ ಬಿಗಿಹಿಡಿದು, ಅದರ ಬೆನ್ನಿಗೆ ಗಾಳಿ ತುಂಬಿ ಮೂತಿಯನ್ನು ಆಚೆ ದೂಡಿದ ಮೇಲಷ್ಟೇ ಬಿಟ್ಟೆವು. ದೋಣಿ ಸಲೀಸಾಗಿ ತಿರುಗಿತು. ಹಿಂದಕ್ಕೆ ಸರಿಯತೊಡಗಿದರೆ ಚುಕ್ಕಾಣಿಯನ್ನು ವಿರುದ್ಧ ದಿಕ್ಕಿಗೆ ಹಿಡಿಯಬೇಕು.

ಮರಳುದಿಣ್ಣೆಗಳಿರುವ ಇಂಥ ನೀರಿಗೆ, ಪಕ್ಕಕ್ಕೆ ಜಾರದಂತೆ ನೀರೊಳಗೆ ಕೆಳಗಿಳಿಸುವ ಹಲಗೆಯಿಲ್ಲದ, ನೆಲ ತಾಗಿದರೆ ಚುಕ್ಕಾಣಿ ತಾನಾಗಿ ಮೇಲೇಳುವ ದೋಣಿಯೇ ಲೇಸೆಂಬುದು ನನ್ನ ಅಭಿಪ್ರಾಯ. ತೆಂಗಿನ ತೋಟಗಳ ಸಂದಿನಿಂದ ಗಾಳಿ ತಟ್ಟನೆ ನುಗ್ಗುವುದರಿಂದ, ದೊಡ್ಡ ಹಾಯಿಯ ಹಗ್ಗವನ್ನು ಗಂಟು ಹಾಕದೆ ಕೈಯಲ್ಲೇ ಇಟ್ಟುಕೊಳ್ಳುತ್ತೇವೆ. ಇನ್ನೊಂದು ಮಾತು: ಹಾಯಿಕಂಬ ಸುಮಾರು 8 ಮೀಟರ್ ಎತ್ತರದ ಅಲ್ಯೂಮಿನಿಯಂ ಆಗಿರುವುದರಿಂದ, ದಡದಲ್ಲಿ ಅದನ್ನು ನಿಲ್ಲಿಸುವ ಮೊದಲು ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ನೋಡಿಕೊಳ್ಳಲೇಬೇಕು.