ಮೂರನೇ ಕ್ಯಾಂಪಿಗೆ ಬಸ್ ಸ್ಟಾಪ್ ಹೊತ್ಕೊಂಡ್ ಹೋಗಿದ್ದೆ: ನನ್ನ ಅನುಭವ

"ಎರಡು ದಿನ ಹೋಗಿ ಏನ್ ತರ್ತಿ, ಮತ್ತೊಂದು ಸರ್ಟಿಫಿಕೇಟಾ?" ಅಂತ ನಮ್ಮವ್ವ ಕೇಳಿದ್ಲು. ಕೇಳಾಕ ಆಕಿಗೆ ಹಕ್ಕೈತಿ ಬಿಡ್ರಿ. ಹತ್ತಿ ಬಿಡಿಸೋ ಟೈಮು, ಶನಿವಾರ ಐತವಾರ ಎರಡೂ ದಿನ ಹೊಲಕ್ಕ ಹೋಗಿದ್ರ ಏನಿಲ್ಲಂದ್ರೂ ಆರ್ನೂರು ರೂಪಾಯಿ ಕೂಲಿ ಬರ್ತಿತ್ತು. ಅದರ ಮ್ಯಾಲೆ ಈ ಲೀಡರ್‌ಶಿಪ್ ಕ್ಯಾಂಪಿನ ಫೀ ಬ್ಯಾರೆ 500. ಹಿಂದಿನ ಎರಡು ಕ್ಯಾಂಪಿನ ಸರ್ಟಿಫಿಕೇಟ್ ಟ್ರಂಕಿನಾಗ ಅದಾವ, ಒಂದಕ್ಕ ಗೆದ್ದಲ ಹತ್ತೈತಿ.

ಮೊದಲನೇದು ರಾಯಚೂರಾಗ. ಬಲೂನಿನ ಮ್ಯಾಲೆ ನಮ್ಮ ಭಯ ಏನು ಅಂತ ಬರದು ಒಡಿಸಿದ್ರು, ಭಯ ಹೋಗ್ಲಿಲ್ಲ, ಬಲೂನ್ ಹೋತು. ಎರಡನೇದು ಬಳ್ಳಾರ್ಯಾಗ, ಅಲ್ಲಿ ಸ್ಟೇಜ್ ಮ್ಯಾಲೆ ಎರಡು ನಿಮಿಷ ಮಾತಾಡಿ ಪೆನ್ ಗೆದ್ದೆ. ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಅರವತ್ತು ಮಂದಿ, ಹತ್ತು ದಿನ ಗುಡ್ ಮಾರ್ನಿಂಗು, ಆಮ್ಯಾಲೆ ಯುಗಾದಿಗೊಮ್ಮೆ ಬೇವು ಬೆಲ್ಲದ ಫೋಟೋ, ಅಲ್ಲಿಗೆ ಮುಗೀತು. ಎನ್ನೆಸ್ಸೆಸ್‌ನಾಗ (ರಾಷ್ಟ್ರೀಯ ಸೇವಾ ಯೋಜನಿ) ಇದ್ದವ್ರಿಗೆ ಇದೆಲ್ಲ ಗೊತ್ತೇ ಐತಿ, ಐಸ್ ಬ್ರೇಕರ್ ಅಂತ ಪರಿಚಯದ ಆಟ, ಚಾರ್ಟು, ಸ್ಕೆಚ್ ಪೆನ್ನು, ಕಡೀಕ ಗ್ರೂಪ್ ಫೋಟೋ.

ಈ ಸಲ ಖಾಲಿ ಕೈಲೆ ಹೋಗಬಾರ್ದು, ಊರಿನ ಒಂದು ತ್ರಾಸು ಹೊತ್ಕೊಂಡ್ ಹೋಗಿ ಅಲ್ಲಿದ್ದವ್ರ ಮುಂದ ಸುರುವಬೇಕು ಅಂತ ಮೊದ್ಲ ಗಟ್ಟಿ ಮಾಡ್ಕೊಂಡಿದ್ದೆ. ನಮ್ಮ ತ್ರಾಸು ಬಸ್ಸು. ಕುಷ್ಟಗಿ ಕಡಿಂದ ಕೊಪ್ಪಳಕ್ಕ ಹೋಗೋ ಮುಂಜಾನಿ ಬಸ್ಸು ನಮ್ಮೂರ ಸ್ಟಾಪಿಗೆ ಏಳೂ ನಲವತ್ತರ ಸುಮಾರಿಗೆ ಬರ್ತೈತಿ, ಮನಸ್ಸಿದ್ರ ನಿಲ್ತೈತಿ, ಇಲ್ಲಂದ್ರ ಧೂಳು ಕೊಟ್ಟು ಹೋಗ್ತೈತಿ. ಹೋದ ವರ್ಷ ಹನ್ನೆರಡು ಮಂದಿ ಸೈನ್ ಮಾಡಿ ಬಸ್ಸಿನ ಸಾಹೇಬ್ರಿಗೆ ಅರ್ಜಿ ಕೊಟ್ಟಿದ್ವಿ, "ನೋಡೋಣಮ್ಮ" ಅಂದ್ರು. ನೋಡಿದ್ರೋ ಏನೋ. ನಮ್ಮ ಅಟೆಂಡೆನ್ಸ್ ಮಾತ್ರ ಎಪ್ಪತ್ತೈದಕ್ಕಿಂತ ಕೆಳಗ ಹೋತು, ಫಸ್ಟ್ ಪೀರಿಯಡ್ ಸಿಗೋದೇ ಇಲ್ಲ ಅಲ್ರಿ.

ಕ್ಯಾಂಪಿನ ಹಿಂದಿನ ವಾರ ಆರು ದಿನ ನೋಟ್‌ಬುಕ್ ಹಿಡ್ಕೊಂಡು ಸ್ಟಾಪಿನಾಗ ಬರಕೊಂಡೆ, ಬಸ್ ಎಷ್ಟೊತ್ತಿಗೆ ಬಂತು, ಎಷ್ಟ್ ಮಂದಿ ನಿಂತಿದ್ರು, ಬಸ್ ನಿಂತ್ತೋ ಇಲ್ಲೋ. ಆರ್ ದಿನದಾಗ ನಾಲ್ಕು ದಿನ ನಿಲ್ಲಲಿಲ್ಲ. ಮಂದಿ ಇಪ್ಪತ್ತೇಳರಿಂದ ಮೂವತ್ತನಾಲ್ಕು. ನಮ್ಮ ಕ್ಲಾಸಿನ ಹುಡುಗ್ರು "ಕಂಡಕ್ಟರ್ ಪರೀಕ್ಷೆ ಕಟ್ಟೀಯೇನವಾ" ಅಂತ ನಕ್ರು.

ಕ್ಯಾಂಪ್ ಇದ್ದದ್ದು ಆನೆಗೊಂದಿ ಕಡಿ. ಗಂಗಾವತಿ ತನಕ ಶಕ್ತಿ ಯೋಜನಿ, ಆಧಾರ್ ತೋರಿಸಿ ಜೀರೋ ಟಿಕೆಟು, ಅಲ್ಲಿಂದ ಆಟೋಕ್ಕ ಮೂವತ್ತೋ ನಲವತ್ತೋ ಕೊಟ್ಟೆ. ಫೀದಾಗ ಇನ್ನೂರು ಬಿಡಿಸಿದೆ, ಎರಡೂ ದಿನ ಊಟಕ್ಕ ಬಡಸ್ತೀನಿ ಅಂತ ಒಪ್ಪಿಸಿ. ಇದು ಲುಕ್ಸಾನಲ್ಲ, ರೊಟ್ಟಿ ಪುಟ್ಟಿ ಕೈಯಾಗಿದ್ರ ಎಲ್ಲಾರ ಹೆಸರೂ ಒಂದ ಊಟಕ್ಕ ಗೊತ್ತಾಗ್ತಾವ, ಐಸ್ ಬ್ರೇಕರ್‌ಗೆ ಒಂದು ತಾಸು ಹಿಡಿದಿತ್ತು.

ಐತವಾರ ನಸುಕಿನ್ಯಾಗ ಅಂಜನಾದ್ರಿ ಹತ್ತಿಸಿದ್ರು, 575 ಮೆಟ್ಲು, ಇನ್ನೂರಕ್ಕ ಲೀಡರ್‌ಗಳೆಲ್ಲ ಕುಂತ್ರು. ಇಳಿದು ಬಂದ ಮ್ಯಾಲೆ ಹಾಲ್‌ನಾಗ ಟ್ರೇನರ್ ಸರ್ ಯಾವ್ದೋ ದೇಶದ ಹಡಗು ಮುಳುಗಿದ ಕಥಿ ಹೇಳಾಕ ಹತ್ತಿದ್ರು, ಗಂಗಾವತಿ ಹುಡುಗಿ ಒಬ್ಬಾಕಿ ಎದ್ದು "ಸರ್, ನಮ್ಮ ಡ್ಯಾಮಿಂದ ಹೇಳ್ರಿ" ಅಂದ್ಲು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟು ಚೈನ್ ಕಡದು ಕಿತ್ಕೊಂಡ್ ಹೋತಲ್ಲ, 33 ಗೇಟಿನಾಗ ಅದೊಂದ. ಭಾರ ಇಳಿಸಾಕ ಉಳಿದ ಗೇಟು ತೆಗೆದು ನೀರು ಬಿಟ್ರು, ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವ್ರು ಬಂದು ಹರಿಯೋ ನೀರಾಗ ಸ್ಟಾಪ್‌ಲಾಗ್ ಅಂತ ಗೇಟಿನ ಜಾಗ ಮುಚ್ಚೋ ಉಕ್ಕಿನ ತಡೆಗಳನ್ನ ಇಳಿಸಿದ್ರು, ಒಂದು ವಾರದಾಗ. ಆಕಿ ಹೇಳೋ ಮುಂದ ಹಾಲ್ ಸುಮ್ನಾಗಿತ್ತು, ಆಕಿ ಅಪ್ಪಂದು ಎಡದಂಡಿ ಕಾಲುವಿ ನೀರಿನ ಭತ್ತದ ಗದ್ದಿ ಐತಂತ. ಹಡಗು ಅಲ್ಲೇ ಉಳೀತು.

ನಡುವ ಒಂದು ಸಣ್ಣ ಪ್ರಯೋಗ ಮಾಡಿದೆ, ನನ್ನ ವಿಷಯಕ್ಕ ಸಂಬಂಧ ಇಲ್ಲ, ಆದ್ರೂ ಹೇಳ್ತೀನಿ. ಗ್ರೂಪ್ ಡಿಸ್ಕಶನ್ ಟೈಮಿನಾಗ ಮೊಬೈಲ್ ಸ್ಟಾಪ್‌ವಾಚ್ ಹಚ್ಚಿ ಯಾರ್ ಎಷ್ಟ್ ಮಾತಾಡ್ತಾರ ಲೆಕ್ಕ ಇಟ್ಟೆ. ನಲವತ್ತು ನಿಮಿಷದಾಗ ಮೂವತ್ತರ ಹತ್ರ ನಾಲ್ಕು ಹುಡುಗರದ್ದ. ಮರುದಿನ ನೀರಿನ ಬಾಟ್ಲಿ ಕೈಗೆ ಬಂದವ್ರು ಮಾತ್ರ ಮಾತಾಡಬೇಕು ಅಂತ ಮಾಡಿದ್ವಿ. ಸುಧಾರಿಸ್ತು, ಆದ್ರ ಒಬ್ಬ ಬಾಟ್ಲಿ ಬಿಡವಲ್ಲ, ನೀರು ಕುಡದು ಖಾಲಿ ಮಾಡಿದ.

ಈಗ ಬಸ್ಸಿಗೆ ಬರ್ತೀನಿ. ಶನಿವಾರ ರಾತ್ರಿ ಊಟ ಆದ ಮ್ಯಾಲೆ ನೋಟ್‌ಬುಕ್ ತೆಗದೆ. ಮೊದ್ಲ ಎಲ್ಲಾರೂ ಹೇಳಿದ್ದು ಅದ, ರಸ್ತೆ ತಡೀರಿ, ರೀಲ್ಸ್ ಮಾಡ್ರಿ, ಎಮ್ಮೆಲ್ಲೆಗೆ ಹೇಳ್ರಿ. ಮೂಲ್ಯಾಗ ಕುಂತಿದ್ದ ಒಬ್ಬ ಹುಡುಗ, ಅವರಪ್ಪ ಡ್ರೈವರ್ ಅಂತ, ಮೆಲ್ಲಕ ಕೇಳಿದ, "ನೀವು ಹತ್ತಾಕ ಎಷ್ಟೊತ್ತು ತಗೋತೀರಿ?" ನಾನು ಅದನ್ನ ಬರಕೊಂಡೇ ಇರ್ಲಿಲ್ಲ! ಅವ ಹೇಳಿದ, ನಿಮ್ಮಂಥ ಸ್ಟಾಪಿನಾಗ ಚಾದಂಗಡಿ ಮುಂದ ನಾಲ್ಕು ಮಂದಿ, ಗಿಡದ ಕೆಳಗ ಹತ್ತು ಮಂದಿ ನಿಂತಿರ್ತೀರಿ, ಬಸ್ ನಿಂತ ಮ್ಯಾಲೆ ಓಡಿ ಬರ್ತೀರಿ, ಬಾಗಲದಾಗ ಬ್ಯಾಗ್ ಸಿಗಬೀಳ್ತೈತಿ, ನಾಲ್ಕು ನಿಮಿಷ ಹೋಗ್ತೈತಿ, ಲೇಟಾದ್ರ ಬೈಸ್ಕೊಳ್ಳೋದು ನಮ್ಮಪ್ಪ. ನನಗ ಒಂದ್ ಸಲ ಸಿಟ್ಟ ಬಂತು, ಆಮ್ಯಾಲೆ ನಮ್ಮ ಸ್ಟಾಪು ಕಣ್ಣ ಮುಂದ ಬಂತು, ಖರೆ ಹಂಗ ಐತಿ.

ಹಾಲ್‌ನಾಗ ಸೀಮೆಸುಣ್ಣದಲೆ ಬಸ್ಸಿನ ಬಾಗಲ ಬರದ್ವಿ, ಆ ಕಡೆ ಈ ಕಡೆ ಎರಡು ಕುರ್ಚಿ. ಮೂವತ್ತು ಮಂದಿನ್ನ ಚದುರಿಸಿ ನಿಲ್ಲಿಸಿ "ಬಸ್ ಬಂತು" ಅಂದೆ. ಮೂರು ನಿಮಿಷದ ಮ್ಯಾಲೆ ಹಿಡೀತು, ಒಂದು ಕುರ್ಚಿ ಬಿತ್ತು. ಸಾಲಿನಾಗ ನಿಲ್ಲಿಸಿದ್ರ ಎರಡು ನಿಮಿಷ. ಬ್ಯಾಗ್ ಬೆನ್ನಿಂದ ತೆಗದು ಮುಂದ ಕೈಯಾಗ ಹಿಡೀರಿ ಅಂದ ಮ್ಯಾಲೆ ಒಂದೂ ಕಾಲು ನಿಮಿಷ. ಹತ್ತು ಸಲ ಮಾಡಿಸಿದ್ವಿ, ಅಡಿಗಿ ಮಾಡೋ ಅಕ್ಕಾರೂ ಬಂದು ಹತ್ತಿದ್ರು.

ಊರಿಗೆ ಬಂದ ಮ್ಯಾಲೆ ಮೊದಲನೇ ವಾರ ಫೇಲ್. ಸಾಲಿನಾಗ ನಿಂದ್ರೋದಂದ್ರ ನಮ್ಮ ಹುಡುಗರಿಗೆ ಮರ್ಯಾದಿ ಪ್ರಶ್ನೆ, "ನಾವೇನ್ ಒಂದನೇತ್ತೆ ಹುಡುಗರಾ?" ಅಂದ್ರು. ಎರಡನೇ ವಾರ ನಿಂತ್ರು. ಹೆಂಗ ನಿಲ್ಲಿಸಿದೆ ಅಂತ ಇಲ್ಲಿ ಬರ್ಯಂಗಿಲ್ಲ, ಓದಿದ್ರಂದ್ರ ನಾಳೇನೇ ಸಾಲು ಮುರೀತಾರ. ಹೊಸಾ ಅರ್ಜಿ ಬರ್ಯಾಕ ಜೆರಾಕ್ಸ್ ಸೇರಿ ಅರವತ್ತು ರೂಪಾಯಿ ಖರ್ಚಾತು. ಈ ಸಲ "ದಯವಿಟ್ಟು ನಿಲ್ಲಿಸಿ" ಅಂತ ಬರೀಲಿಲ್ಲ, ಆರು ದಿನದ ಲೆಕ್ಕ ಹಚ್ಚಿ, ಒಂದೂವರೆ ನಿಮಿಷದಾಗ ಮೂವತ್ತು ಮಂದಿ ಹತ್ತತೀವಿ, ಹತ್ತಲಿಲ್ಲಂದ್ರ ಬಿಟ್ಟು ಹೋಗ್ರಿ ಅಂತ ಬರದೆ. ಅದನ್ನ ಓದಿದ ಸಾಹೇಬ್ರು ನಕ್ಕು ಗಡಿಯಾರ ನೋಡ್ಕೊಂಡ್ರು.

ಈಗ ಎರಡು ತಿಂಗಳಾತು, ವಾರದಾಗ ಐದು ದಿನ ಅಂತೂ ನಿಲ್ತೈತಿ. ನಿಲ್ಲದ ದಿನ ಮೊದ್ಲೇ ಬಸ್ಸಿನ ಬಾಗಲಕ್ಕ ಮಂದಿ ಜೋತ್ಬಿದ್ದಿರ್ತಾರ, 2023ರ ಜೂನ್‌ಲಿಂದ ಹೆಣ್ಮಕ್ಕಳ ಓಡಾಟ ಭಾಳ ಆಗೈತಿ, ನಾನೂ ಅದ ಜೀರೋ ಟಿಕೆಟಿನಾಕಿ, ಏನಂತ ಬೈಲಿ. ಕಂಡಕ್ಟರಣ್ಣ "ಮಿಲಿಟ್ರಿ ಸ್ಟಾಪ್ ಬಂತು" ಅಂತಾನ.

ಮುಂದಿನ ಕ್ಯಾಂಪಿನ ಫೀ 700 ಅಂತ ಮೆಸೇಜ್ ಬಂದೈತಿ, ನಾನೂರಕ್ಕ ಇಳಿಸ್ರಿ ಬಡಸ್ತೀನಿ ಅಂತ ಹಾಕೀನಿ, ಇನ್ನೂ ಉತ್ತರ ಇಲ್ಲ. ನೋಟ್‌ಬುಕ್‌ನಾಗ ಹೊಸಾ ಹಾಳಿ ಶುರು ಮಾಡೀನಿ. ಸಂಜಿ ಐದೂವರೆ ಬಸ್ಸು.