ಸಂಬಳದ ಲಕೋಟೆ ಕೊಟ್ಟು ಲಾರೆನ್ಸ್ ಮುಷ್ಕರ ಕಲಿಸಿದ್ದು

ಅಮೆರಿಕದ ಇತಿಹಾಸ ಕಲಿಸುವವರಿಗೆ ಈ ಕಷ್ಟ ಗೊತ್ತೇ ಇದೆ. ಹೇಮಾರ್ಕೆಟ್ (ಷಿಕಾಗೋ ಕಾರ್ಮಿಕ ಸಭೆಯ ಬಾಂಬ್ ಪ್ರಕರಣ) 1886, ಪಾಮರ್ ದಾಳಿ (ಎಡಪಂಥೀಯರ ಬಂಧನ) 1919, ವಲಸೆಗೆ ಮಿತಿ ಹಾಕಿದ ಕೋಟಾ ಕಾನೂನು 1924 ಅಂತ ಬೋರ್ಡ್ ತುಂಬಿಸುತ್ತೇವೆ. ಕಾರ್ಮಿಕ ಸಂಘ, ವಲಸಿಗರ ಮೇಲಿನ ಸಿಟ್ಟು, ಕೆಂಪು ಭಯ (ಕಮ್ಯುನಿಸ್ಟರ ಭೀತಿ) ಒಂದಕ್ಕೊಂದು ಹೇಗೆ ಹೆಣೆದುಕೊಂಡಿದ್ದವು ಅನ್ನೋದು ಮಾತ್ರ ಮಕ್ಕಳ ತಲೆಗೆ ಹೋಗುವುದಿಲ್ಲ. ನನ್ನ ಕ್ಲಾಸಲ್ಲಿ ಈಗ ಹೋಗುತ್ತಿದೆ.

ಮೊದಲು ಹೇಮಾರ್ಕೆಟ್ ವಿಚಾರಣೆಯನ್ನು ನಾಟಕ ಮಾಡಿಸಿ ನೋಡಿದೆ. ವಕೀಲರಾದವರಿಬ್ಬರು ಮಾತಾಡಿದರು, ಉಳಿದವರು ಸುಮ್ನೆ ಕೂತರು. ಕಪ್ಪು ಕೋಟು, ಬ್ಯಾನರ್ ಅಂತ ಮೂರು ಸಾವಿರದ ಹತ್ತಿರ ಕೈಬಿಟ್ಟಿತು. "ಆಟ ಆಡಿಸಿದ್ರೆ ಸಿಲಬಸ್ ಮುಗಿಯುತ್ತಾ?" ಅಂತ ಸ್ಟಾಫ್ ರೂಮಲ್ಲಿ ಮಾತು ಬೇರೆ.

ಆಮೇಲೆ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಊರಿನ 1912ರ ಬಟ್ಟೆ ಗಿರಣಿ ಮುಷ್ಕರ ಒಂದನ್ನೇ ಹಿಡಿದೆ. ಕಾನೂನು ಹೆಂಗಸರ, ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸಿತು. ಮಾಲೀಕರು ಕೂಲಿಯನ್ನೂ ಇಳಿಸಿದರು, ವಾರಕ್ಕೆ ಸುಮಾರು 32 ಸೆಂಟ್. ನಮ್ಮದು ಕರಾವಳಿಯ ಕಾಲೇಜು. ಒಂದೇ ಕ್ಲಾಸಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲಾ ಇವೆ. ಅವರನ್ನೇ ಪೋಲಿಷ್, ಇಟಾಲಿಯನ್, ಸಿರಿಯನ್, ಲಿಥುವೇನಿಯನ್ ಗುಂಪು ಮಾಡಿದೆ. ಗುಂಪಿನೊಳಗೆ ಮನೆಮಾತು ಮಾತ್ರ. ಜೆರಾಕ್ಸ್ ನೋಟು ತುಂಬಿದ ಲಕೋಟೆ ಪೋಲಿಷ್ ಗುಂಪಿಗೆ ಮೊದಲು. ಎವರೆಟ್ ಗಿರಣಿಯಲ್ಲಿ ಮೊದಲು ಮಗ್ಗ ನಿಲ್ಲಿಸಿದ್ದು ಪೋಲಿಷ್ ಹೆಂಗಸರೇ ಅಲ್ವಾ. ಒಬ್ಬ ಹುಡುಗಿ ಎಣಿಸಿದಳು, ಬೆರಳು ಒದ್ದೆ ಮಾಡಿಕೊಂಡು ಮತ್ತೆ ಎಣಿಸಿದಳು, ಎದ್ದು ನಿಂತಳು. "ಸರ್, ಇದ್ರಲ್ಲಿ ಕಡಿಮೆ ಇದೆ." ಅಲ್ಲಿಂದ ಮುಂದೆ ನಾನು ಹೇಳಿಕೊಡಬೇಕಾಗಲಿಲ್ಲ.

ಎರಡನೇ ದಿನ ಒಂದು ಬ್ಯಾಗಿನಲ್ಲಿ 'ಡೈನಮೈಟ್' ಚೀಟಿ ಸಿಗುತ್ತದೆ. ಇಟಾಲಿಯನ್ನರದ್ದೇ ಕೆಲಸ ಅಂತ ಕ್ಲಾಸು ಎರಡು ನಿಮಿಷದಲ್ಲಿ ತೀರ್ಪು ಕೊಟ್ಟಿತು. ಲಾರೆನ್ಸ್‌ನಲ್ಲೂ ನಿಜವಾದ ಡೈನಮೈಟ್ ಸಿಕ್ಕಾಗ ಪತ್ರಿಕೆಗಳು ಮುಷ್ಕರದವರತ್ತಲೇ ಬೆರಳು ತೋರಿಸಿದ್ದವು. ಅದನ್ನು ಇಟ್ಟವನು ಜಾನ್ ಬ್ರೀನ್, ಸ್ಥಳೀಯ ಶಾಲಾ ಸಮಿತಿಯವನು. ಶಿಕ್ಷೆ 500 ಡಾಲರ್ ದಂಡ, ಅಷ್ಟೇ. ಇದನ್ನು ಕೇಳಿ ಕ್ಲಾಸು ತಣ್ಣಗಾಯಿತು. ಚೀಟಿ ಯಾರ ಕೈಯಿಂದ ಇಡಿಸುತ್ತೇನೆ ಅನ್ನೋದನ್ನು ಇಲ್ಲಿ ಬಿಟ್ಟುಕೊಡಲ್ಲ.

ಜಾಸ್ತಿ ಜಗಳ ಎದ್ದದ್ದು ಕುಶಲ ಕೆಲಸಗಾರರ ಗುಂಪಿನಿಂದ. ಕುಶಲ ಕೆಲಸಗಾರರ ಸಂಘವಾದ ಯುನೈಟೆಡ್ ಟೆಕ್ಸ್‌ಟೈಲ್ ವರ್ಕರ್ಸ್‌ನ ಜಾನ್ ಗೋಲ್ಡನ್ ಈ ಮುಷ್ಕರವನ್ನೇ ವಿರೋಧಿಸಿದ್ದ. ಎಲ್ಲ ಭಾಷೆಯವರನ್ನೂ ಸೇರಿಸಿಕೊಂಡದ್ದು ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದ ವರ್ಲ್ಡ್ (ಐಡಬ್ಲ್ಯುಡಬ್ಲ್ಯು) ಅನ್ನೋ ಕ್ರಾಂತಿಕಾರಿ ಸಂಘ. ಸಂಘದವರೇ ಕೂಲಿಯವರಿಗೆ ಅಡ್ಡ ನಿಂತರಾ ಅಂತ ಬೆಲ್ ಹೊಡೆದ ಮೇಲೂ ವಾದ ನಡೆಯಿತು.

ಇದೇ ಪ್ರಯೋಗವನ್ನು 1919ರ ಉಕ್ಕು ಮುಷ್ಕರಕ್ಕೂ ಮಾಡಿದೆ. ಅಷ್ಟು ದೊಡ್ಡ ಮುಷ್ಕರ ಒಂದು ಕೋಣೆಯಲ್ಲಿ ಹಿಡಿಯಲಿಲ್ಲ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕ ಗಡೀಪಾರು ಮಾಡಿದ 249 ವಿದೇಶಿಯರನ್ನು ಹೊತ್ತು ಹೋದ ಬುಫೋರ್ಡ್ ಹಡಗಿನ ವಿಷಯ ತೆಗೆದಾಗ ಹಿಂದಿನ ಬೆಂಚಿನ ಹುಡುಗ ಕೇಳಿದ: "ಲಾರೆನ್ಸ್‌ನಲ್ಲಿ ಜೈಲಿಗೆ ಹೋದ ಮುಷ್ಕರದ ನಾಯಕರಲ್ಲಿ ಎಟ್ಟರ್ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು, ಜೊವಾನಿಟ್ಟಿ ಇಟಲಿಯವನು. ಹಾಗಾದ್ರೆ ಹಡಗು ಹತ್ತಿಸೋಕೆ ಆಗ್ತಿದ್ದದ್ದು ಒಬ್ಬನನ್ನ ಮಾತ್ರಾನಾ?" ವಿದೇಶಿ ಅರಾಜಕತಾವಾದಿಗಳನ್ನು ಗಡೀಪಾರು ಮಾಡೋಕೆ ದಾರಿ ಮಾಡಿಕೊಟ್ಟ 1918ರ ಕಾನೂನನ್ನು ಅವತ್ತೇ ಶುರುಮಾಡಿದೆ.