ತೈಲಬಾವಿಗಳು ಹಬ್ಬಿದ ಬಗೆ: ಕೌಂಟಿಯೊಂದರ ನಕ್ಷೆ ತಯಾರಿಸುವುದು ಹೇಗೆ?

ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಪಶ್ಚಿಮದಂಚಿನಲ್ಲಿರುವ ಮೆಕೆಂಜಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಗೋಧಿ ಹೊಲ ಮತ್ತು ಹುಲ್ಲುಗಾವಲುಗಳ ಸೀಮೆ. 2010ರ ಜನಗಣತಿಯಲ್ಲಿ 6,360 ಇದ್ದ ಇಲ್ಲಿನ ಜನಸಂಖ್ಯೆ 2020ರಲ್ಲಿ 14,704ಕ್ಕೆ ಏರಲು ನೆಲದಡಿಯ ಬಾಕೆನ್ ಶಿಲಾಪದರದ ತೈಲವೇ ಮುಖ್ಯ ಕಾರಣ. ಬಾವಿಗಳು ಯಾವ ವರ್ಷ ಎಲ್ಲಿ ಹಬ್ಬಿದವು ಎಂಬುದನ್ನು ಮನೆಯ ಕಂಪ್ಯೂಟರಿನಲ್ಲೇ ನಕ್ಷೆಗಿಳಿಸಬಹುದು.

ಬಾವಿಗಳ ಕಡತವನ್ನು ರಾಜ್ಯದ ತೈಲ ಮತ್ತು ಅನಿಲ ವಿಭಾಗದಿಂದಲೂ ಗಡಿರೇಖೆಯನ್ನು ಜನಗಣತಿ ಇಲಾಖೆಯ ‘ಟೈಗರ್’ ಎಂಬ ಗಡಿನಕ್ಷೆ ಕಡತಗಳಿಂದಲೂ ಪಡೆದು, ನಕ್ಷೆ ತಯಾರಿಸುವ ಉಚಿತ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ತೆರೆಯಿರಿ. ದೂರ ಅಳೆಯಬೇಕಾಗುವುದರಿಂದ ಎರಡನ್ನೂ, ಸ್ಥಾನವನ್ನು ಮೀಟರುಗಳಲ್ಲಿ ಹೇಳುವ ಯುಟಿಎಂ ಪದ್ಧತಿಯ 13 ಉತ್ತರ ವಲಯಕ್ಕೆ ಪರಿವರ್ತಿಸಿಕೊಳ್ಳಿ. ಪ್ರತಿ ಬಾವಿಗೂ ಎಪಿಐ ಎಂಬ ಗುರುತಿನ ಸಂಖ್ಯೆಯಿದ್ದು, ಮೆಕೆಂಜಿಯವು 33-053ರಿಂದ ಆರಂಭವಾಗುತ್ತವೆ. ಜನಗಣತಿ ಕಡತದಲ್ಲಿ ಇದೇ ಕೌಂಟಿಯ ಸಂಕೇತ 38053. ಕೌಂಟಿಯ ಅಂಕಿ ಒಂದೇ, ರಾಜ್ಯದ್ದು ಬೇರೆ; ಇದನ್ನು ಗಮನಿಸದೆ ಎರಡು ಕೋಷ್ಟಕಗಳನ್ನು ಜೋಡಿಸಲು ಹೊರಟರೆ ಒಂದು ಸಾಲೂ ಹೊಂದುವುದಿಲ್ಲ.

ಮುಂದಿನದು ದಿನಾಂಕದ ಆಯ್ಕೆ. ಅನುಮತಿ ಸಿಕ್ಕ ದಿನ, ಕೊರೆಯಲು ಆರಂಭಿಸಿದ ದಿನ, ಉತ್ಪಾದನೆಗೆ ಸಜ್ಜಾದ ದಿನ ಎಂದು ಒಂದೇ ಬಾವಿಗೆ ಹಲವು ದಿನಾಂಕಗಳಿರುತ್ತವೆ. ಅನುಮತಿ ಪಡೆದೂ ಕೊರೆಯದೆ ಬಿಟ್ಟವು ಬಹಳಷ್ಟಿರುವುದರಿಂದ, ‘ಸ್ಪಡ್’ ಎಂದು ಕರೆಯುವ ಎರಡನೆಯ ದಿನಾಂಕವನ್ನು ಆಧಾರವಾಗಿಟ್ಟುಕೊಳ್ಳುವುದೇ ಸರಿ. ಅನುಮತಿ ರದ್ದಾದ ಬಾವಿಗಳನ್ನು ಮೊದಲೇ ಸೋಸಿ ತೆಗೆಯಿರಿ. ಹೊಸ ಬಾವಿಯ ವಿವರವನ್ನು ಆರು ತಿಂಗಳು ಗೋಪ್ಯವಾಗಿಡಲು ರಾಜ್ಯದಲ್ಲಿ ಅವಕಾಶವಿದೆ. ಆದಕಾರಣ ನಕ್ಷೆಯ ಕೊನೆಯ ತಿಂಗಳುಗಳಲ್ಲಿ ಕಾಣುವ ಇಳಿಕೆಯನ್ನು ನಂಬಬಾರದು.

ಹೆಚ್ಚು ಎಚ್ಚರ ಬೇಕಾದದ್ದು ಎಣಿಕೆಯಲ್ಲಿ. ನಮ್ಮ ಬೋರ್‌ವೆಲ್ಲಿನಂತೆ ನೆಟ್ಟಗೆ ಇಳಿದು ನಿಲ್ಲದೆ, ಬಾಕೆನ್ ಬಾವಿಯು ಸುಮಾರು ಮೂರು ಕಿಲೋಮೀಟರ್ ಆಳಕ್ಕೆ ಹೋಗಿ, ಅಲ್ಲಿಂದ ಅಡ್ಡಕ್ಕೆ ತಿರುಗಿ ಹೆಚ್ಚುಕಡಿಮೆ ಅಷ್ಟೇ ದೂರ ಸಾಗುತ್ತದೆ. ಹೀಗಾಗಿ ‘ಪ್ಯಾಡ್’ ಎನ್ನುವ ಒಂದೇ ಜಲ್ಲಿ ಅಂಗಳದಲ್ಲಿ ಹಲವು ಬಾವಿಗಳ ಬಾಯಿ ಸಾಲಾಗಿರುತ್ತದೆ, ನಕ್ಷೆಯಲ್ಲಿ ಅವೆಲ್ಲ ಒಂದೇ ಚುಕ್ಕೆಯಂತೆ ಕಾಣುತ್ತವೆ. ಹತ್ತಿರದ ಚುಕ್ಕೆಗಳನ್ನು ಒಟ್ಟುಗೂಡಿಸುವ, ಕ್ಯೂಜಿಐಎಸ್‌ನ ಡಿಬಿಸ್ಕ್ಯಾನ್ ಸಾಧನದಲ್ಲಿ ಅಂತರವನ್ನು 100 ಮೀಟರ್, ಗುಂಪಿನ ಕನಿಷ್ಠ ಗಾತ್ರವನ್ನು 1 ಎಂದು ಕೊಟ್ಟು ಬಾವಿಗಳನ್ನು ಗುಂಪುಗೂಡಿಸಿ. ಪ್ರತಿ ಗುಂಪಿನ ಅತಿ ಹಳೆಯ ಸ್ಪಡ್ ವರ್ಷವೇ ಆ ಪ್ಯಾಡಿನ ವರ್ಷ. ಬಾವಿಗಳ ಸಂಖ್ಯೆ ತೈಲೋದ್ಯಮದ ಕಥೆ ಹೇಳಿದರೆ, ಪ್ಯಾಡುಗಳ ಸಂಖ್ಯೆ ರೈತನ ಹೊಲದ ಕಥೆ ಹೇಳುತ್ತದೆ.

ವರ್ಷದಿಂದ ವರ್ಷಕ್ಕೆ ಸಿನಿಮಾದಂತೆ ಓಡುವ ನಕ್ಷೆ ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಹೋಲಿಕೆಗೆ ಆಗಿಬರುವುದಿಲ್ಲ. ಒಂದೇ ಅಳತೆಯ ಸಣ್ಣ ನಕ್ಷೆಗಳನ್ನು ಎರಡೆರಡು ವರ್ಷಕ್ಕೊಂದರಂತೆ ಪಕ್ಕಪಕ್ಕದಲ್ಲಿಡಿ. ನೆರೆಯ ವಿಲಿಯಮ್ಸ್ ಕೌಂಟಿಯ ಟಯೋಗಾ ಬಳಿ 1951ರಲ್ಲೇ ತೈಲ ಸಿಕ್ಕಿದ್ದರಿಂದ, ಹಳೆಯ ಬಾವಿಗಳನ್ನು ಹಿನ್ನೆಲೆಯಲ್ಲಿ ಬೂದು ಬಣ್ಣದಲ್ಲಿ ತೋರಿಸಿ.

ಕೊನೆಗೆ, 10 ಮೀಟರ್ ಸ್ಪಷ್ಟತೆಯ ಸೆಂಟಿನೆಲ್-2 ಉಪಗ್ರಹ ಚಿತ್ರದ ಮೇಲೆ ಚುಕ್ಕೆಗಳನ್ನಿಟ್ಟು ನೋಡಿ. ಹಸಿರಿನ ನಡುವೆ ತೆಳುಬಣ್ಣದ ಆಯತ, ಅದಕ್ಕೆ ಅಂಟಿಕೊಂಡ ಮಣ್ಣಿನ ದಾರಿ ಕಂಡರೆ ಅದೇ ಪ್ಯಾಡ್. ಚುಕ್ಕೆಯಿದ್ದು ಆಯತ ಕಾಣದಿದ್ದರೆ ಬಾವಿಯ ಸ್ಥಿತಿಯ ಕಾಲಂ ನೋಡಿ: ಬಾವಿಯನ್ನು ಮುಚ್ಚಿ ನೆಲವನ್ನು ಮತ್ತೆ ಹುಲ್ಲಿಗೆ ಬಿಟ್ಟಿರಬಹುದು, ಇಲ್ಲವೇ ಅಕ್ಷಾಂಶ–ರೇಖಾಂಶವೇ ತಪ್ಪಿರಬಹುದು.